ನೆಯ್ಗೆಯು ಬರಿಯ ಕೈಕಸುಬೆ?

ದಕ್ಷಿಣ ಅಮೆರಿಕಾ ಖಂಡದ ಪಡುವಣಂಚಿನ ಉದ್ದಕ್ಕೂ ಹಬ್ಬಿರುವ ಆಂಡೀಸ್ ಪರ್ವತಗಳಲ್ಲಿ ಕೆಚುವಾ, ಐಮಾರಾ ಎಂಬ ಎರಡು ನುಡಿಗಳನ್ನಾಡುವ ಜನರು ಬಹು ಕಾಲದಿಂದ ನೆಲೆಸಿರುವರು. ಪೆರು, ಬೊಲಿವಿಯಾ ದೇಶಗಳ ಎತ್ತರದ ಬಯಲುಗಳೇ ಇವರ ಮುಖ್ಯವಾದ ನೆಲೆ. ಇವರು ನೆಯ್ದ ಬಟ್ಟೆಗಳೂ ಹೆಣೆದ ಕವಣೆ ಹುರಿಗಳೂ ಇಂದು ಯೂರೋಪು ಅಮೆರಿಕಾಗಳ ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಪೆಟ್ಟಿಗೆಗಳನ್ನು ಸೇರಿವೆ. ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲಿ ಸೀಮೆಯ ಹೆಸರಿರುತ್ತದೆ, ಅಂದಾಜಿನ ಕಾಲವಿರುತ್ತದೆ, ದಾನ ಮಾಡಿದ ಶ್ರೀಮಂತನ ಹೆಸರೂ ಎಷ್ಟೋ ವೇಳೆ ಇರುತ್ತದೆ, ನೆಯ್ದವಳ ಹೆಸರು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಯೂರೋಪಿನ ಹಳೆಯ ವರ್ಣಚಿತ್ರವೊಂದರ ಕರ್ತೃ ಯಾರೆಂದು ತಿಳಿಯದೆ ಹೋದರೆ ವಿದ್ವಾಂಸರು ಅದಕ್ಕಾಗಿ ಗ್ರಂಥಗಳನ್ನೇ ಬರೆದು ವಾದಮಾಡುವರು. ಬಟ್ಟೆಯ ಕರ್ತೃವನ್ನು ಹುಡುಕಬೇಕೆಂಬ ಯೋಚನೆಯೇ ಅನೇಕರಿಗೆ ಬಾರದು. ಚಿತ್ರವು ಕಲೆ, ಬಟ್ಟೆಯು ಕೈಕಸುಬು ಎಂಬ ರೂಢಿಯೇ ಇದಕ್ಕೆ ಕಾರಣ.

ಈ ರೂಢಿಯು ಬರಿಯ ಹೆಸರಿನ ತಪ್ಪಾಗಿದ್ದರೆ ಅದನ್ನು ಕುರಿತು ಇಷ್ಟು ಮಾತು ಬೇಕಾಗಿರಲಿಲ್ಲ. ಕಸುಬೆಂದು ಕರೆದ ವಸ್ತುವನ್ನು ಕೊಳ್ಳಬಹುದು, ಮಾರಬಹುದು, ಯಂತ್ರದಲ್ಲಿ ನಕಲುಮಾಡಬಹುದು, ಬಡವನಿಗೆ ನಾಲ್ಕು ಕಾಸು ಕೊಟ್ಟು ಕೊಂಡೊಯ್ಯಬಹುದು. ಮನಸ್ಸಿಗೆ ಅಳುಕು ಹುಟ್ಟುವುದಿಲ್ಲ. ಒಂದು ಜನಾಂಗದ ವಿದ್ಯೆಯೆಂದೂ ದಾಖಲೆಯೆಂದೂ ತಿಳಿದ ವಸ್ತುವನ್ನು ಹಾಗೆ ಕೊಂಡೊಯ್ಯುವವನಿಗೆ ಕಳ್ಳನೆಂದು ಹೆಸರು. ಆದುದರಿಂದ ಆಂಡೀಸಿನ ನೆಯ್ಗೆಯು ಕಸುಬೋ ವಿದ್ಯೆಯೋ ಎಂಬ ಪ್ರಶ್ನೆಗೆ ವ್ಯವಹಾರದಲ್ಲಿ ಬಹಳ ಬೆಲೆಯುಂಟು.

ಮೊದಲು ಮಗ್ಗವನ್ನೇ ನೋಡಬಹುದು. ಕನ್ನಡ ನಾಡಿನ ಕುಣಿಮಗ್ಗವನ್ನು ಕಂಡವರಿಗೆ ಆಂಡೀಸಿನ ಮಗ್ಗವು ಮಗ್ಗವೆಂದೇ ತೋರಲಾರದು. ನೆಲದಲ್ಲಿ ಬಡಿದ ನಾಲ್ಕು ಗೂಟಗಳು, ಅವಕ್ಕೆ ಬಿಗಿದ ಎರಡು ಅಡ್ಡಕೋಲುಗಳು, ನಡುವೆ ಎಳೆದ ಹಾಸು, ಇಷ್ಟೆ. ಇನ್ನೊಂದು ಬಗೆಯ ಮಗ್ಗದಲ್ಲಿ ಒಂದು ಕೋಲನ್ನು ಮರಕ್ಕೋ ಗೂಟಕ್ಕೋ ಕಟ್ಟಿ, ಮತ್ತೊಂದನ್ನು ಪಟ್ಟಿಯ ಮೂಲಕ ನೆಯ್ಯುವವಳ ಸೊಂಟಕ್ಕೆ ಬಿಗಿಯುವರು. ಅವಳು ಹಿಂದಕ್ಕೆ ವಾಲಿದರೆ ಹಾಸು ಬಿಗಿಯುತ್ತದೆ, ಮುಂದಕ್ಕೆ ಬಾಗಿದರೆ ಸಡಿಲುತ್ತದೆ. ಕಾಲುಮಣೆಯಿಲ್ಲ, ಫಣಿಯಿಲ್ಲ, ಎಸೆಯುವ ಲಾಳಿಯಿಲ್ಲ. ಲಾಮಾ ಎಂಬ ಹೇರು ಹೊರುವ ಪ್ರಾಣಿಯ ಎಲುಬನ್ನು ಮೊನೆಮಾಡಿಕೊಂಡು ಅದರಿಂದ ಹೊಕ್ಕನ್ನು ಬಡಿದು ಕೂರಿಸುವರು. ಉಪಕರಣವು ಇಷ್ಟು ಬಡವಾಗಿರುವುದನ್ನು ಕಂಡು ನೆಯ್ಗೆಯೂ ಬಡವಾಗಿರಬೇಕೆಂದು ಊಹಿಸುವುದು ಯಂತ್ರಯುಗದವರಿಗೆ ಸಹಜ. ನಿಜವು ಇದಕ್ಕೆ ತೀರ ವಿರುದ್ಧವಾದುದು. ಮಗ್ಗದಲ್ಲಿ ಇಲ್ಲದುದೆಲ್ಲವೂ ನೆಯ್ಯುವವಳ ತಲೆಯಲ್ಲಿ ಇರಬೇಕಾಗುತ್ತದೆ.

ಆ ಮಗ್ಗದ ಬಟ್ಟೆಯನ್ನು ಥಾನಿನಂತೆ ಉದ್ದಕ್ಕೆ ನೆಯ್ದು ಬೇಕಾದಷ್ಟು ಕತ್ತರಿಸಿಕೊಳ್ಳುವ ಪದ್ಧತಿಯಿಲ್ಲ. ಹೊದಿಕೆಗೆ ಇಷ್ಟು, ಚೀಲಕ್ಕೆ ಇಷ್ಟು, ನಡುಕಟ್ಟಿಗೆ ಇಷ್ಟು ಎಂದು ಹಾಸು ಹೂಡುವಾಗಲೇ ಅಳತೆಯನ್ನು ನಿಶ್ಚಯಿಸಿಬಿಡುವರು. ಬಟ್ಟೆಯ ನಾಲ್ಕು ಅಂಚುಗಳೂ ಮಗ್ಗದ ಮೇಲೆಯೇ ಮುಗಿಯುತ್ತವೆ. ನೆಯ್ಗೆ ಎರಡು ಕಡೆಯಿಂದ ಬಂದು ಸೇರುವಲ್ಲಿ ಬೆರಳಗಲದ ಸಂದು ಉಳಿಯುತ್ತದೆ. ಅಲ್ಲಿ ಕೋಲು ತೂರದು, ಎಲುಬು ತೂರದು. ಸೂಜಿಯಿಂದ ಒಂದೊಂದೇ ಹೊಕ್ಕನ್ನು ತೂರಿಸಿ ಆ ಸಂದನ್ನು ತುಂಬಬೇಕು. ಇಷ್ಟು ಶ್ರಮವೇಕೆ, ಕತ್ತರಿಸಿ ಮಡಿಸಿ ಹೊಲಿದರಾಗದೆ ಎಂದು ಕೇಳುವವರುಂಟು. ಬಟ್ಟೆಯು ಅವರಿಗೆ ಸರಕಲ್ಲ, ಒಂದು ಪೂರ್ಣವಾದ ವಸ್ತು. ಅದನ್ನು ಕತ್ತರಿಸುವುದು ಅದನ್ನು ಗಾಯಗೊಳಿಸಿದಂತೆ.

ಚಿತ್ರವನ್ನು ಎತ್ತುವ ಕ್ರಮವು ಇನ್ನೂ ಸೂಕ್ಷ್ಮವಾದುದು. ಹಾಸಿನಲ್ಲಿ ಎರಡು ಬಣ್ಣದ ಎಳೆಗಳು ಜೋಡಿಜೋಡಿಯಾಗಿರುತ್ತವೆ. ಒಂದು ಮೇಲೆ ಬಂದಾಗ ಅದರ ಜೊತೆಯದು ಕೆಳಗೆ ಹೋಗುತ್ತದೆ. ಹೀಗಾಗಿ ಒಂದು ಮುಖದಲ್ಲಿ ಕೆಂಪಿನ ಮೇಲೆ ಬಿಳಿಯ ಹಕ್ಕಿ ಕಂಡರೆ, ಮಗ್ಗುಲು ತಿರುಗಿಸಿದಾಗ ಬಿಳಿಯ ಮೇಲೆ ಕೆಂಪಿನ ಹಕ್ಕಿ ಕಾಣುತ್ತದೆ. ಎರಡೂ ಮುಖಗಳು ಸಮಾನವಾಗಿ ಅಚ್ಚುಕಟ್ಟು, ಇದು ಒಳಮೈ ಇದು ಹೊರಮೈ ಎಂಬ ಭೇದವಿಲ್ಲ. ಪ್ರತಿಯೊಂದು ಸಾಲಿನಲ್ಲಿಯೂ ಯಾವ ಎಳೆಯನ್ನು ಎತ್ತಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಎಣಿಸಿ ಬೆರಳಿನಿಂದ ಆರಿಸುವರು. ಕಾಗದದ ಮೇಲೆ ಬರೆದ ನಕ್ಷೆಯಿಲ್ಲ. ಕೆಚುವಾ ನುಡಿಯಲ್ಲಿ ಈ ಆರಿಸುವಿಕೆಗೂ ಅದರಿಂದ ಹುಟ್ಟುವ ಚಿತ್ರಕ್ಕೂ 'ಪಲ್ಯಾಯ್' ಎಂದು ಹೆಸರು. ಹೊಲದಲ್ಲಿ ಬೆಳೆಯನ್ನು ಆಯ್ದು ಕೂಡಿಸುವುದಕ್ಕೂ ಅದೇ ಮಾತು. ಚಿತ್ರವಿಲ್ಲದ ಸಾದಾ ಭಾಗಕ್ಕೆ 'ಪಂಪಾ', ಎಂದರೆ ಬಯಲು. ಬಟ್ಟೆಯನ್ನು ಹೊಲವೆಂದು ಭಾವಿಸುವ ಈ ನುಡಿಯೇ, ನೆಯ್ಯುವವರು ತಮ್ಮ ಕೆಲಸವನ್ನು ಏನೆಂದು ತಿಳಿದಿರುವರೆಂಬುದಕ್ಕೆ ಸಾಕ್ಷಿ.

ನೂಲಿನಲ್ಲಿಯೂ ಇಂಥ ವಿವೇಚನೆಯುಂಟು. ದನ ಅಟ್ಟುತ್ತ, ದಾರಿ ನಡೆಯುತ್ತ, ಮಾತಾಡುತ್ತ ಹೆಂಗಸರು ತಕಲಿಯಿಂದ ಅಲ್ಪಾಕಾ ಉಣ್ಣೆಯನ್ನು ನೂಲುವರು. ಸಾಮಾನ್ಯವಾದ ನೂಲಿನ ಹುರಿ ಒಂದು ದಿಕ್ಕಿನದು. ಅದಕ್ಕೆ ಎದುರಾಗಿ ಹೊಸೆದ ಎಡಮುರಿ ನೂಲೂ ಒಂದುಂಟು. ಅದಕ್ಕೆ 'ಲ್ಯೊಕೆ' ಎಂದು ಹೆಸರು. ಇದು ಕೇಡನ್ನು ತಡೆಯುತ್ತದೆಂಬ ನಂಬಿಕೆಯಿಂದ ಬಟ್ಟೆಯ ಅಂಚಿಗೂ, ಮೈ ಸರಿಯಿಲ್ಲದವರ ಮಣಿಕಟ್ಟಿಗೂ ಅದನ್ನು ಬಳಸುವರು. ನಂಬಿಕೆಯು ನಿಜವೋ ಸುಳ್ಳೋ ಎಂಬುದು ಬೇರೆ ಮಾತು. ಬಲಮುರಿ ಎಡಮುರಿ ಎಳೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಒಂದರ ಬಲವು ಮತ್ತೊಂದನ್ನು ತಡೆದು ಅಂಚು ಸುರುಳಿಯಾಗದಂತೆ ನಿಲ್ಲುವುದೆಂಬುದು ಮಾತ್ರ ನಿಶ್ಚಯ.

ಹೆಣೆದ ಹುರಿಗಳನ್ನು ಕುರಿತು ಯಾರೂ ಹೆಚ್ಚಾಗಿ ಬರೆಯುವುದಿಲ್ಲ. ಲಾಮಾ ಮಂದೆಯನ್ನು ಕಾಯುವವರು ಬಳಸುವ ಕವಣೆಗೆ ಕೆಚುವಾದಲ್ಲಿ 'ವರಾಕಾ', ಐಮಾರಾದಲ್ಲಿ 'ಕೊರಾವಾ' ಎಂದು ಹೆಸರು. ಕಲ್ಲೆಸೆಯುವ ಒಂದು ಹಗ್ಗವೆಂದು ಉದಾಸೀನ ಮಾಡುವಂತಿಲ್ಲ. ೮, ೧೬, ೨೪, ೩೨ ಎಳೆಗಳನ್ನು ಕೈಯಲ್ಲಿ ಹಿಡಿದು ಹೆಣೆಯುವಾಗ ಹೊರಗಿನ ಎಳೆ ಒಳಕ್ಕೆ ಹೋಗಿ ತಿರುಳಾಗುತ್ತದೆ; ತಿರುಳಿನ ಎಳೆ ಹೊರಕ್ಕೆ ಬಂದು ತನ್ನ ಬಣ್ಣವನ್ನು ತೋರುತ್ತದೆ. ಉರುಟಾದ ಹುರಿಯ ಸುತ್ತ ವಜ್ರಾಕೃತಿಗಳೂ ಹಾವಿನ ನಡೆಗಳೂ ಹೀಗೆ ಮೂಡುತ್ತವೆ. ಒಂದು ಎಳೆ ಹೆಚ್ಚುಕಡಿಮೆಯಾದರೆ ಮುಂದಿನದೆಲ್ಲ ಕೆಡುತ್ತದೆ.

ಇದೇ ಹೆಣಿಗೆಯ ದೊಡ್ಡ ರೂಪವು ಪೆರು ದೇಶದ ಕುಸ್ಕೊ ಸೀಮೆಯಲ್ಲಿ ಅಪುರಿಮಾಕ್ ನದಿಯ ಮೇಲೆ ತೂಗುತ್ತಿರುವುದು. ಕೆಸ್ವಾಚಾಕಾ ಎಂಬ ಆ ಸೇತುವೆಯು ಬರಿಯ ಹುಲ್ಲಿನದು. ಸುಮಾರು ೨೮ ಮೀಟರ್ ಉದ್ದವಾದ ಇದನ್ನು ನಾಲ್ಕು ಕೆಚುವಾ ಊರುಗಳವರು ವರ್ಷವರ್ಷವೂ ಜೂನ್ ತಿಂಗಳಲ್ಲಿ ಸೇರಿ ಹೊಸದಾಗಿ ಕಟ್ಟುವರು. ಮನೆಮನೆಯವರೂ ಹುಲ್ಲಿನ ಹಗ್ಗವನ್ನು ಹೊಸೆದು ತರುವರು. ಅವನ್ನು ಕೂಡಿಸಿ ತೊಡೆಗಾತ್ರದ ಹುರಿಗಳನ್ನು ಹೆಣೆದು ಕಮರಿಯ ಮೇಲೆ ಎಳೆಯುವರು. ಯುನೆಸ್ಕೊ ಸಂಸ್ಥೆಯು ೨೦೧೩ರಲ್ಲಿ ಈ ವಿದ್ಯೆಯನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಸಾಂಕ್ರಾಮಿಕ ರೋಗದ ಕಾಲದಲ್ಲಿ ನವೀಕರಣ ನಿಂತುಹೋಗಿ ೨೦೨೧ರ ಮಾರ್ಚಿಯಲ್ಲಿ ಸೇತುವೆ ಕುಸಿದುಬಿದ್ದಿತು. ಅದೇ ಜೂನ್ ತಿಂಗಳಲ್ಲಿ ಊರಿನವರು ಮತ್ತೆ ಕಟ್ಟಿದರು. ೨೦೦೭ರಲ್ಲಿ ಅಮೆರಿಕಾದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳು ಇಂಥದೊಂದು ನಾರಿನ ಸೇತುವೆಯನ್ನು ಕಟ್ಟಿ ಕಲಿತರು. ಸೇತುವೆಯಾದಾಗ ಅದು ಶಾಸ್ತ್ರ, ನಡುಕಟ್ಟಾದಾಗ ಕಸುಬು! ಎಳೆಯನ್ನು ಹೊಸೆಯುವ ವಿದ್ಯೆ ಎರಡರಲ್ಲಿಯೂ ಒಂದೇ ಅಲ್ಲವೆ? ಗಂಡಸರು ನದಿಯ ಮೇಲೆ ಎಳೆದುದಕ್ಕೆ ಒಂದು ಹೆಸರು, ಹೆಂಗಸರು ಮಡಿಲಲ್ಲಿಟ್ಟುಕೊಂಡು ಮಾಡಿದುದಕ್ಕೆ ಮತ್ತೊಂದು ಹೆಸರು ಎಂಬುದರ ಹೊರತು ಬೇರೆ ಭೇದ ಕಾಣುವುದಿಲ್ಲ.

ಈ ವಿದ್ಯೆಯ ಪ್ರಾಚೀನತೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಪೆರು ದೇಶದ ಗಿಟಾರೆರೊ ಗುಹೆಯಲ್ಲಿ ಸಿಕ್ಕ ನಾರಿನ ಹೆಣಿಗೆಗಳು ಹತ್ತು ಸಾವಿರ ವರ್ಷಗಳಿಗೂ ಹಿಂದಿನವು. ಉವಾಕಾ ಪ್ರಿಯೆಟಾ ಎಂಬ ಕಡಲತಡಿಯ ದಿಬ್ಬವನ್ನು ೧೯೪೬–೪೭ರಲ್ಲಿ ಜೂನಿಯಸ್ ಬರ್ಡ್ ಎಂಬ ಪಂಡಿತನು ಅಗೆಸಿದಾಗ, ಆ ಜನರು ಮಡಕೆ ಮಾಡುವುದನ್ನು ಕಲಿಯುವುದಕ್ಕೆ ಮೊದಲೇ ಹತ್ತಿಯಲ್ಲಿ ಚಿತ್ರ ತೆಗೆಯುತ್ತಿದ್ದರೆಂದು ತಿಳಿಯಿತು. ಬಣ್ಣ ಮಾಸಿಹೋದ ಒಂದು ತುಂಡಿನಲ್ಲಿ ಎಳೆಎಳೆಯ ಸ್ಥಾನವನ್ನು ಸೂಕ್ಷ್ಮದರ್ಶಕದಿಂದ ಗುರುತಿಸಿದಾಗ, ಹೊಟ್ಟೆಯಲ್ಲಿ ಹಾವನ್ನು ಧರಿಸಿ ರೆಕ್ಕೆ ಹರಡಿದ ಹದ್ದೊಂದು ಹೊರಬಿದ್ದಿತು. ಅದೇ ದಿಬ್ಬದ ನೀಲಿ ಎಳೆಗಳು ಸುಮಾರು ೬,೦೦೦ ವರ್ಷ ಹಿಂದೆ ನೀಲಿಗಿಡದ ಬಣ್ಣದಲ್ಲಿ ಅದ್ದಿದವೆಂದು ೨೦೧೬ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಗೊತ್ತಾಯಿತು.

ಮುಂದೆ ಇಂಕಾ ಅರಸರ ಕಾಲದಲ್ಲಿ ಬಟ್ಟೆಯು ರಾಜ್ಯದ ಆಧಾರವೇ ಆಗಿದ್ದಿತು. ಒಕ್ಕಲುಗಳು ಅರಮನೆಯ ಉಣ್ಣೆಯನ್ನು ಪಡೆದು ನೆಯ್ದು ಕೊಡಬೇಕಾಗಿದ್ದಿತು. ಸೈನ್ಯಕ್ಕೆ ಸಂಬಳವೂ, ಸೋತ ಅರಸನಿಗೆ ಸಂಧಿಯ ಉಡುಗೊರೆಯೂ, ದೇವರಿಗೆ ಹೋಮದ ಆಹುತಿಯೂ ಬಟ್ಟೆಯೇ. 'ಕೊಂಪಿ' ಎಂಬ ಅತ್ಯುತ್ತಮವಾದ ನೆಯ್ಗೆಯಲ್ಲಿ ಒಂದಂಗುಲಕ್ಕೆ ನೂರಾರು ಹೊಕ್ಕುಗಳು. ಜಾನ್ ಮುರಾ ಎಂಬ ವಿದ್ವಾಂಸನು ೧೯೬೨ರಲ್ಲಿ ಪ್ರಕಟಿಸಿದ ಒಂದು ಲೇಖನದಿಂದ ಇದೆಲ್ಲ ಸ್ಪಷ್ಟವಾಯಿತು. ಸ್ಪೇನಿನವರು ೧೫೩೨ರಲ್ಲಿ ಕಾಹಮಾರ್ಕಾ ಪಟ್ಟಣವನ್ನು ಹೊಕ್ಕಾಗ ಅಲ್ಲಿಯ ಉಗ್ರಾಣಗಳಲ್ಲಿ ಬಟ್ಟೆಯ ಮೂಟೆಗಳು ಸೂರಿನವರೆಗೆ ಒಟ್ಟಿದ್ದವೆಂದು ಅವರ ಬರಹಗಾರರೇ ಹೇಳಿರುವರು. ಬಂದವರ ಕಣ್ಣೆಲ್ಲ ಚಿನ್ನದ ಮೇಲಿದ್ದಿತು. ಆ ನಾಡಿನ ಜನರು ಚಿನ್ನಕ್ಕಿಂತ ಹೆಚ್ಚಾಗಿ ಎಣಿಸಿದ್ದ ವಸ್ತು ಯಾವುದೆಂದು ವಿಚಾರಿಸುವಷ್ಟು ವ್ಯವಧಾನ ಅವರಿಗೆ ಇರಲಿಲ್ಲ.

ವಿದ್ಯೆಯು ಕಸುಬಾದುದು ಇದಾದ ಮೇಲೆ. ಸ್ಪೇನಿನವರು 'ಒಬ್ರಾಹೆ' ಎಂಬ ನೆಯ್ಗೆಯ ಕೊಟ್ಟಿಗೆಗಳನ್ನು ತೆರೆದು, ಸಾಲಕ್ಕೂ ತೆರಿಗೆಗೂ ಸಿಕ್ಕಿಬಿದ್ದ ಜನರನ್ನು ಕಾಲುಮಣೆಯ ಮಗ್ಗಗಳ ಮುಂದೆ ಕೂರಿಸಿ ಒರಟು ಉಣ್ಣೆಯ ಬಟ್ಟೆಯನ್ನು ಮಾಡಿಸಿಕೊಂಡರು. ೧೭೮೦ರಲ್ಲಿ ಎರಡನೆಯ ತುಪಾಕ್ ಅಮಾರು ದಂಗೆಯೆದ್ದನು. ಮರುವರ್ಷ ಅವನನ್ನು ಕುಸ್ಕೊ ಪಟ್ಟಣದಲ್ಲಿ ಕೊಲ್ಲಿಸಿದ ಅರೆಚೆ ಎಂಬ ಅಧಿಕಾರಿಯು ತನ್ನ ತೀರ್ಪಿನಲ್ಲಿ ಇಂಕಾ ಉಡುಪುಗಳನ್ನೇ ನಿಷೇಧಿಸಿದನು. ಇದು ಆಲೋಚಿಸತಕ್ಕ ವಿಷಯ. ಬಟ್ಟೆಯು ಬರಿಯ ಬಟ್ಟೆಯಾಗಿದ್ದರೆ ಒಂದು ಸಾಮ್ರಾಜ್ಯದ ಅಧಿಕಾರಿಗೆ ಅದನ್ನು ಕಂಡು ಹೆದರಿಕೆಯೇಕೆ? ಆ ನೆಯ್ಗೆಯಲ್ಲಿ ಹಿಂದಿನ ಅರಸುಮನೆತನದ ನೆನಪೂ ಹಕ್ಕೂ ಅಡಗಿರುವುದೆಂದು ಅವನಿಗೆ ಗೊತ್ತಿದ್ದಿತು. ಇಂದಿನ ಚೀಟಿ ಬರೆಯುವವರಿಗಿಂತ ಆ ಕ್ರೂರಿಯೇ ಬಟ್ಟೆಯನ್ನು ಚೆನ್ನಾಗಿ ಓದಿದ್ದನೆನ್ನಬೇಕು.

ಇಲ್ಲಿ ಒಂದು ಆಕ್ಷೇಪವು ಬರುತ್ತದೆ. ನೆಯ್ಯುವವಳನ್ನೇ ಕೇಳಿದರೆ, "ಅಜ್ಜಿ ಹೀಗೆ ಮಾಡುತ್ತಿದ್ದಳು, ಅದಕ್ಕೇ ಹೀಗೆ" ಎನ್ನುವಳಂತೆ; ಅರ್ಥ ತಿಳಿಯದ ಕೆಲಸವನ್ನು ವಿದ್ಯೆಯೆಂದು ಕರೆಯುವುದು ಹೇಗೆ ಎಂಬುದು. ಈ ಆಕ್ಷೇಪವು ನೋಡುವುದಕ್ಕೆ ಗಟ್ಟಿಯಾಗಿದ್ದರೂ ಒಳಗೆ ಟೊಳ್ಳು. ಕೇಶಿರಾಜನ ಒಂದು ಸೂತ್ರವನ್ನೂ ಓದದ ಒಕ್ಕಲಗಿತ್ತಿಯು ವಿಭಕ್ತಿಯಲ್ಲಿ ತಪ್ಪದೆ ಕನ್ನಡವನ್ನಾಡುವಳು. ಅವಳಿಗೆ ಕನ್ನಡ ಬಾರದೆಂದು ಹೇಳುವ ಪಂಡಿತನುಂಟೆ? ಕುಸ್ಕೊ ಬಳಿಯ ಚಿಂಚೆರೊ ಊರಿನ ಹುಡುಗಿಯರು ಮೊದಲು 'ಹಾಕಿಮಾ' ಎಂಬ ಬೆರಳಗಲದ ಪಟ್ಟಿಯನ್ನು ನೆಯ್ದು ಕಲಿಯುವರು. ಚಿಕ್ಕದೊಂದು ಆಕೃತಿಯು ಕೈಗೆ ಬಂದ ಮೇಲೆ ಅದನ್ನು ಕನ್ನಡಿಯಲ್ಲಿ ಕಂಡಂತೆ ಮಗುಚುವುದು, ತಲೆಕೆಳಗು ಮಾಡುವುದು, ಜೋಡಿಸಿ ದೊಡ್ಡದು ಮಾಡುವುದು ಎಂದು ಮುಂದುವರಿಯುವರು. ಇದು ರೇಖಾಗಣಿತವಲ್ಲದೆ ಮತ್ತೇನು? ಅದನ್ನು ಬಾಯಿಂದ ಹೇಳುವ ರೂಢಿಯಿಲ್ಲ, ಕೈಯಿಂದ ಹೇಳುವರು.

ಹಗ್ಗಗಂಟುಗಳ ಕಥೆಯು ಇಲ್ಲಿ ಪಾಠವಾಗಬೇಕಾಗಿದ್ದಿತು. ಇಂಕಾ ಅಧಿಕಾರಿಗಳು ಜನಸಂಖ್ಯೆಯನ್ನೂ ತೆರಿಗೆಯನ್ನೂ 'ಖೀಪು' ಎಂಬ ಗಂಟುಹಾಕಿದ ದಾರಗಳಲ್ಲಿ ಬರೆದಿಡುತ್ತಿದ್ದರು. ಪಾದ್ರಿಗಳು ೧೫೮೩ರಲ್ಲಿ ಲೀಮಾ ಪಟ್ಟಣದಲ್ಲಿ ಸಭೆ ಸೇರಿ, ಹಳೆಯ ಪೂಜೆಗೆ ಸಂಬಂಧಪಟ್ಟ ಖೀಪುಗಳನ್ನು ನಾಶಮಾಡಬೇಕೆಂದು ವಿಧಿಸಿದರು. ಉಳಿದವು ಮೂರು ಶತಮಾನಗಳಿಗೂ ಮೇಲ್ಪಟ್ಟು ಬರಿಯ ಹಳೆಯ ದಾರಗಳಾಗಿಯೇ ಬಿದ್ದಿದ್ದವು. ೧೯೧೨ರಲ್ಲಿ ಲೀಲೆಂಡ್ ಲಾಕ್ ಎಂಬವನು ಗಂಟುಗಳ ಸ್ಥಾನವು ಬಿಡಿ, ಹತ್ತು, ನೂರು, ಸಾವಿರಗಳನ್ನು ಸೂಚಿಸುವುದೆಂದು ತೋರಿಸಿದ ಮೇಲೆಯೇ ಅವು ಲೆಕ್ಕದ ಪುಸ್ತಕಗಳೆಂದು ಲೋಕವು ಒಪ್ಪಿತು. ಅಂದಿನವರೆಗೆ ಮೂಢತೆಯಿದ್ದುದು ದಾರದಲ್ಲಿಯೋ, ನೋಡುವವರ ಕಣ್ಣಿನಲ್ಲಿಯೋ? ೧೯೭೮ರಲ್ಲಿ ವೆರೊನಿಕಾ ಸೆರೆಸೆಡಾ ಎಂಬ ವಿದುಷಿಯು ಚಿಲಿ ದೇಶದ ಇಸ್ಲುಗಾ ಎಂಬಲ್ಲಿಯ ಐಮಾರಾ ಜನರ ಧಾನ್ಯದ ಚೀಲಗಳನ್ನು ಕುರಿತು ಬರೆದಳು. ಅವುಗಳಲ್ಲಿ ಚಿತ್ರವೇ ಇಲ್ಲ, ಉಣ್ಣೆಯ ಸಹಜ ಬಣ್ಣದ ಪಟ್ಟೆಗಳು ಮಾತ್ರ. ಆದರೂ ನಡುವಿನ ಒಂದು ಪಟ್ಟೆಯು ಹೃದಯವೆನಿಸಿ, ಎರಡು ಪಕ್ಕಗಳು ಒಂದಕ್ಕೊಂದು ಎದುರುಬದುರಾಗಿ, ಚೀಲವೆಲ್ಲ ಒಂದು ದೇಹದಂತೆ ಏರ್ಪಟ್ಟಿರುವುದನ್ನು ಆಕೆ ತೋರಿಸಿಕೊಟ್ಟಳು. ನೂರು ಜನ ನೋಡಿ ಗೋಣಿಚೀಲವೆಂದು ತಳ್ಳಿದ್ದ ವಸ್ತು ಅದು.

ಇದರ ವಿರುದ್ಧವಾದ ಅತಿರೇಕವೂ ಇಲ್ಲದಿಲ್ಲ. ಬಟ್ಟೆಯ ಒಂದೊಂದು ಚೌಕವೂ ಒಂದೊಂದು ಅಕ್ಷರವೆಂದೂ, ತಾವು ಅದನ್ನು ಓದಬಲ್ಲೆವೆಂದೂ ಪ್ರವಾಸಿಗಳ ಮುಂದೆ ಕಥೆ ಕಟ್ಟುವ ಮಾರ್ಗದರ್ಶಿಗಳುಂಟು. ಇಂಕಾ ಅಂಗಿಗಳ 'ತೊಕಾಪು' ಚೌಕಗಳು ಲಿಪಿಯೆಂದು ಇನ್ನೂ ಸಿದ್ಧವಾಗಿಲ್ಲ. ಲಿಪಿಯಾದರೆ ಮಾತ್ರ ಗೌರವ, ಇಲ್ಲದಿದ್ದರೆ ಇಲ್ಲ ಎಂಬುದು ಓದುಬಲ್ಲವರ ಅಹಂಕಾರ. ನೆಯ್ಗೆಗೆ ಬರವಣಿಗೆಯ ಶಿಫಾರಸು ಬೇಕಾಗಿಲ್ಲ.

ಇನ್ನು ಪೇಟೆಯ ವಿಚಾರ. ಬೊಲಿವಿಯಾ ಪೆರುಗಳ ಸಂತೆಗಳಲ್ಲಿ ಕಣ್ಣು ಕುಕ್ಕುವ ಬಣ್ಣದ ಪಟ್ಟೆಗಳ ಕೃತಕ ನೂಲಿನ 'ಅವಾಯೊ' ಬಟ್ಟೆಯು ರಾಶಿರಾಶಿಯಾಗಿ ಸಿಕ್ಕುವುದು. ಅದು ಕಾರ್ಖಾನೆಯ ಥಾನು. ಊರಿನ ಹೆಂಗಸರೂ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳಲು ಅದನ್ನು ಕೊಳ್ಳುವರು. ಅಗ್ಗವಾದುದನ್ನು ಬಡವರು ಕೊಂಡರೆ ಅವರನ್ನು ದೂಷಿಸುವುದು ನ್ಯಾಯವಲ್ಲ. ಆದರೆ ಆ ಥಾನಿನಿಂದ ಹೊಲಿದ ಚೀಲವನ್ನು ಕೈನೆಯ್ಗೆಯೆಂದು ಹೇಳಿ ಪರದೇಶದವರಿಗೆ ಮಾರುವ ವ್ಯಾಪಾರಿಯು ಎರಡು ಕಡೆಯವರನ್ನೂ ವಂಚಿಸುವನು. ತಿಂಗಳುಗಟ್ಟಲೆ ಕುಳಿತು ನೆಯ್ದ ಹೊದಿಕೆಯನ್ನು ತಂದವಳು, ಪಕ್ಕದ ಅಂಗಡಿಯ ಬೆಲೆಯನ್ನು ತೋರಿಸಿ ಚೌಕಾಸಿ ಮಾಡುವವನ ಮುಂದೆ ಏನು ಹೇಳಬಲ್ಲಳು?

ಇಂಥ ನೆಯ್ಗೆಯು ಸಾಯುವುದೇ ವಿಧಿ, ಅದಕ್ಕೆ ಅಳುವುದು ವ್ಯರ್ಥ ಎನ್ನುವ ಪ್ರಗತಿಪರರು ಬೊಲಿವಿಯಾದ ಸುಕ್ರೆ ಪಟ್ಟಣದ ಕಡೆ ನೋಡಬೇಕು. ಸೆರೆಸೆಡಾಳೂ ಗಾಬ್ರಿಯೆಲ್ ಮಾರ್ಟಿನೆಸನೂ ಸೇರಿ ೧೯೮೬ರಲ್ಲಿ ಅಲ್ಲಿ 'ಆಸುರ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸುತ್ತಿನ ಹಾಲ್ಕಾ ಜನರ ಹಳೆಯ ನೆಯ್ಗೆಯು ಆಗ ಕ್ಷೀಣಿಸಿದ್ದಿತು. ಒಳ್ಳೆಯ ತುಂಡುಗಳನ್ನು ವ್ಯಾಪಾರಿಗಳು ಬಳಿದುಕೊಂಡು ಹೋಗಿದ್ದರು. ಹಳೆಯ ಮಾದರಿಗಳ ಛಾಯಾಚಿತ್ರಗಳನ್ನು ಹೆಂಗಸರಿಗೆ ತೋರಿಸಿ, ತಕ್ಕ ಬೆಲೆಯನ್ನು ಕೊಟ್ಟಾಗ ನೆಯ್ಗೆ ಮರಳಿ ಚಿಗುರಿತು. ಕೆಂಪು ಕಪ್ಪುಗಳ ಕತ್ತಲೆಯಲ್ಲಿ ಮೇಲು ಕೆಳಗೆಂಬ ದಿಕ್ಕಿಲ್ಲದೆ ತೇಲುವ ವಿಚಿತ್ರ ಮೃಗಗಳು ಆ ಹಾಲ್ಕಾ ಬಟ್ಟೆಯ ಗುರುತು. ಹಳೆಯದನ್ನು ನೋಡಿ ಕಲಿತವರು ಹಳೆಯದನ್ನೇ ಪ್ರತಿಮಾಡುತ್ತ ಕೂರದೆ ಹೊಸ ಮೃಗಗಳನ್ನು ಕಲ್ಪಿಸಿದರು. ಚಿಂಚೆರೊ ಊರಿನ ನೆಯ್ಗೆಗಾರ್ತಿ ನಿಲ್ದಾ ಕಾಲ್ಯಾನ್ಯಾಉಪಾ ೧೯೯೬ರಲ್ಲಿ ಕುಸ್ಕೊ ಪಟ್ಟಣದಲ್ಲಿ ಕಟ್ಟಿದ ನೆಯ್ಗೆಯ ಕೇಂದ್ರವೂ ಇಂಥದೇ. ಅಲ್ಲಿ ಮಾರುವ ಬಟ್ಟೆಗೆ ನೆಯ್ದವಳ ಹೆಸರನ್ನೂ ಊರನ್ನೂ ಬರೆದ ಚೀಟಿ ಕಟ್ಟಿರುತ್ತದೆ. ಅಂಗಡಿಗೆ ಸಾಧ್ಯವಾದ ಈ ಮರ್ಯಾದ ವಸ್ತುಸಂಗ್ರಹಾಲಯಕ್ಕೆ ಏಕೆ ಅಸಾಧ್ಯವೋ ತಿಳಿಯದು.

ಸಂಪ್ರದಾಯವೆಂದರೆ ಕದಲದೆ ನಿಂತ ನೀರೆಂದು ಎಣಿಸುವವರಿಗೆ ತಿತಿಕಾಕಾ ಸರೋವರದ ತಕೀಲೆ ದ್ವೀಪವೂ ಉತ್ತರ ಹೇಳುತ್ತದೆ. ಅಲ್ಲಿ ಟೊಪ್ಪಿಗೆ ಹೆಣೆಯುವವರು ಗಂಡಸರು. ಕಡ್ಡಿಯ ಹೆಣಿಗೆಯು ಸ್ಪೇನಿನವರಿಂದ ಬಂದುದು. ಹೊರಗಿನಿಂದ ಬಂದುದನ್ನು ತಮ್ಮದಾಗಿಸಿಕೊಂಡು, ವರ್ಷದ ಉಳುಮೆ ಹಬ್ಬಗಳನ್ನು ನಡುಕಟ್ಟಿನಲ್ಲಿ ಪಂಚಾಂಗದಂತೆ ನೆಯ್ಯುವುದನ್ನೂ ಅವರು ನಡೆಸಿಕೊಂಡು ಬಂದಿರುವರು. ಕೊಳುವುದರಲ್ಲಿ ಅವರಿಗೆ ಸಂಕೋಚವಿಲ್ಲ. ಕೊಟ್ಟುದೂ ಕಡಿಮೆಯಲ್ಲ: ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಹುಳುವಿನ ಕೆಂಪು ಬಣ್ಣವನ್ನು ಪಡೆಯುವ ಆಸೆಯಿಂದ ಈಸ್ಟ್ ಇಂಡಿಯಾ ಕಂಪೆನಿಯವರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿಯೂ ಆ ಹುಳುವನ್ನು ಸಾಕಲು ಯತ್ನಿಸಿದರು. ಬಂದುದು ಕೀಳು ಜಾತಿಯ ಹುಳು. ಅದು ಬಣ್ಣಕ್ಕಿಂತ ಹೆಚ್ಚಾಗಿ ಕಳ್ಳಿಯನ್ನು ತಿಂದು ಮುಗಿಸುವುದಕ್ಕೇ ಪ್ರಯೋಜನಕ್ಕೆ ಬಂದಿತು.

ಜರ್ಮನಿಯ ಬೌಹೌಸ್ ಶಾಲೆಯಿಂದ ಬಂದ ಆನಿ ಆಲ್ಬರ್ಸ್ ೧೯೬೫ರಲ್ಲಿ ನೆಯ್ಗೆಯನ್ನು ಕುರಿತು ಪ್ರಕಟಿಸಿದ ಗ್ರಂಥವನ್ನು ಪ್ರಾಚೀನ ಪೆರುವಿನ ನೆಯ್ಗೆಗಾರರಿಗೆ, ಅವರನ್ನು ಗುರುಗಳೆಂದು ಕರೆದು, ಅರ್ಪಿಸಿದಳು. ಇದು ದೊಡ್ಡ ಮನಸ್ಸಿನ ಕೆಲಸ. ಆದರೆ ಲೋಕವು ಅವಳಿಂದ ಕಲಿತುಕೊಂಡುದು ಅರ್ಧವೇ. ಸತ್ತ ನೆಯ್ಗೆಗಾರನು ಗುರು, ಬದುಕಿರುವವಳು ಸಂತೆಯ ಕಸುಬಿನವಳು ಎಂಬ ವಿಂಗಡಣೆಯು ನಡೆದೇ ಬಂದಿತು. ಬೊಲಿವಿಯಾದ ಕಾಕಾಚಾಕಾ ಎಂಬ ಹಳ್ಳಿಸೀಮೆಯಲ್ಲಿ ಹುಟ್ಟಿ ನೆಯ್ಗೆಯಲ್ಲಿಯೇ ಬೆಳೆದ ಎಲ್ವಿರಾ ಎಸ್ಪೆಹೊ ೨೦೧೩ರಲ್ಲಿ ಲಾ ಪಾಸ್ ಪಟ್ಟಣದ ರಾಷ್ಟ್ರೀಯ ಜನಾಂಗಶಾಸ್ತ್ರ ಸಂಗ್ರಹಾಲಯದ ಮುಖ್ಯಾಧಿಕಾರಿಯಾದಳು. ಕವಯಿತ್ರಿಯೂ ಹೌದು, ನೆಯ್ಗೆಯನ್ನು ಹೆಂಗಸರ ವಿಜ್ಞಾನವೆಂದು ವಾದಿಸಿದ ಗ್ರಂಥಗಳ ಕರ್ತೃಗಳಲ್ಲೊಬ್ಬಳೂ ಹೌದು. ಗಾಜಿನ ಪೆಟ್ಟಿಗೆಯ ಹೊರಗೆ ನಿಂತು ಒಳಗಿನ ಬಟ್ಟೆಯನ್ನು ತಾನೇ ನೆಯ್ಯಬಲ್ಲವಳೊಬ್ಬಳು ಬಂದಾಗ, ಅದು ಕಸುಬೆಂದು ಹೇಳುತ್ತಿದ್ದವರ ಬಾಯಿ ಸ್ವಲ್ಪ ಕಟ್ಟಿದಂತಾಯಿತು.

ಕೊನೆಯದಾಗಿ, ಕಸುಬೆಂಬ ಹೆಸರಿನಿಂದ ಆದ ಅನ್ಯಾಯಗಳಲ್ಲಿ ಅತ್ಯಂತ ಘೋರವಾದುದನ್ನು ಹೇಳಬೇಕಾಗಿದೆ. ಬೊಲಿವಿಯಾದ ಪೊಟೊಸಿ ಪ್ರಾಂತ್ಯದಲ್ಲಿ ಕೊರೋಮಾ ಎಂಬ ಊರುಂಟು. ಅಲ್ಲಿಯ 'ಆಯ್ಲ್ಯು'ಗಳು, ಎಂದರೆ ನೆಲವನ್ನು ಒಟ್ಟಾಗಿ ಅನುಭವಿಸುವ ಕುಲಗಳು, ತಮ್ಮ ಮೂಲಪುರುಷರ ಉಡುಪುಗಳನ್ನು 'ಕೇಪಿ' ಎಂಬ ಗಂಟುಗಳಲ್ಲಿ ಕಟ್ಟಿ ಶತಮಾನಗಳಿಂದ ಕಾಪಾಡಿಕೊಂಡು ಬಂದಿದ್ದವು. ನವೆಂಬರ್ ತಿಂಗಳ ಮೊದಲಲ್ಲಿ ಬರುವ ಸರ್ವಸಂತರ ಹಬ್ಬದಲ್ಲಿ ಗಂಟನ್ನು ಬಿಚ್ಚಿ, ಉಡುಪುಗಳಿಗೆ ಪೂಜೆ ಸಲ್ಲಿಸುವರು. ಅವು ಹಿರಿಯರ ನೆನಪಿಗೆ ಇಟ್ಟ ವಸ್ತುಗಳಲ್ಲ, ಹಿರಿಯರೇ. ಯಾವ ಕುಲವು ಎಲ್ಲಿಂದ ಬಂದಿತು, ಯಾರಿಗೆ ಯಾರು ಸಂಬಂಧ ಎಂಬುದಕ್ಕೆ ಆ ಗಂಟುಗಳೇ ಆಧಾರ. ಊರಿನ ಕಷ್ಟಕಾಲದಲ್ಲಿ ಸಲಹೆ ಕೇಳುವುದೂ ಅವುಗಳನ್ನೇ. ತಾಮ್ರಶಾಸನವನ್ನೂ ಕುಲದೇವತೆಯ ವಿಗ್ರಹವನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಹೇಗೋ ಹಾಗೆ.

೧೯೭೦ರ ದಶಕದ ಕೊನೆಯಿಂದ ಪರದೇಶದ ವ್ಯಾಪಾರಿಗಳು ಈ ಹಬ್ಬಕ್ಕೆ ಬರತೊಡಗಿದರು. ಬಿಚ್ಚಿದ ಗಂಟುಗಳ ಛಾಯಾಚಿತ್ರಗಳನ್ನು ತೆಗೆದುಕೊಂಡರು. ಆ ಚಿತ್ರಗಳನ್ನು ದಳ್ಳಾಳಿಗಳ ಕೈಗೆ ಕೊಟ್ಟು, ಇಂಥಿಂಥದು ಬೇಕೆಂದು ಗುರುತುಹಾಕಿ ಕಳುಹಿಸಿದರು. ೧೯೮೨–೮೩ರಲ್ಲಿ ಆ ಎತ್ತರದ ಬಯಲನ್ನು ಭಯಂಕರವಾದ ಕ್ಷಾಮವು ಹಿಡಿಯಿತು. ಹಸಿದಿದ್ದ ಕೆಲವು ಕಾವಲುಗಾರರು ಹಣಕ್ಕೆ ಮಣಿದರು. ಮತ್ತೆ ಕೆಲವು ಬಟ್ಟೆಗಳು ಕಳವಾದವು. ಮೂಲಪುರುಷರನ್ನು ಕಳೆದುಕೊಂಡ ಕುಲಗಳಲ್ಲಿ ಜಗಳಗಳು ಹುಟ್ಟಿದವು, ಒಬ್ಬರ ಮೇಲೊಬ್ಬರಿಗೆ ಸಂಶಯ ಬಂದಿತು. ೧೯೮೮ರಲ್ಲಿ ಸಾನ್ ಫ್ರಾನ್ಸಿಸ್ಕೊ ನಗರದ ಒಂದು ಮಾರಾಟದ ಆಹ್ವಾನಪತ್ರದ ಮೇಲೆ ಅಚ್ಚಾಗಿದ್ದ ಚಿತ್ರವನ್ನು ತಿಳಿದವರು ಕಂಡು ಗುರುತಿಸಿದಾಗ ವಿಷಯವು ಬಯಲಾಯಿತು. ಸುಂಕದ ಅಧಿಕಾರಿಗಳು ರಾಶಿಗಟ್ಟಲೆ ವಸ್ತುಗಳನ್ನು ಮುಟ್ಟುಗೋಲು ಹಾಕಿಕೊಂಡರು. ಕೊರೋಮಾದ ಹಿರಿಯರು ಅಷ್ಟು ದೂರ ಹೋಗಿ ತಮ್ಮವನ್ನು ಗುರುತಿಸಿದರು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸರಕಾರವು ೧೯೮೯ರ ಮಾರ್ಚಿ ೧೪ರಿಂದ ಕೊರೋಮಾದ ಪುರಾತನ ವಸ್ತ್ರಗಳು ಬರದಂತೆ ನಿರ್ಬಂಧ ಹಾಕಿತು. ಕ್ರಿಸ್ಟಿನಾ ಬುಬ್ಬಾ ಎಂಬ ಬೊಲಿವಿಯಾದ ವಿದುಷಿಯು ಊರಿನವರೊಡನೆ ನಿಂತು ವರ್ಷಗಟ್ಟಲೆ ಹೋರಾಡಿದುದರಿಂದ ೧೯೯೨ರ ಸೆಪ್ಟೆಂಬರಿನಲ್ಲಿ ೪೯ ವಸ್ತ್ರಗಳನ್ನು ವಾಷಿಂಗ್ಟನ್ನಿನಲ್ಲಿ ಬೊಲಿವಿಯಾದ ಅಧ್ಯಕ್ಷರ ಕೈಗೆ ಒಪ್ಪಿಸಿದರು. ಮುಟ್ಟುಗೋಲಾಗಿದ್ದುದರಲ್ಲಿ ಹೆಚ್ಚಿನ ಭಾಗವು ಮಾತ್ರ, ಇಂಥ ಊರಿನದೇ ಎಂಬುದಕ್ಕೆ ಕಾಗದಪತ್ರವಿಲ್ಲವೆಂದು, ವ್ಯಾಪಾರಿಗೇ ಹಿಂದಿರುಗಿತು. ಬಟ್ಟೆಯೇ ಪತ್ರವಾಗಿರುವ ಜನರಿಗೆ ಕಾಗದದ ಪತ್ರವನ್ನು ಎಲ್ಲಿ ಎಂದು ಕೇಳಿದ ನ್ಯಾಯವಿದು.

ಸಂಗ್ರಾಹಕರ ಸಮಾಧಾನವು ಪ್ರಸಿದ್ಧವಾದುದು: "ಅಲ್ಲಿದ್ದರೆ ನುಸಿ ತಿನ್ನುತ್ತಿದ್ದಿತು, ಇಲ್ಲಿ ಉಳಿದಿದೆ." ಪೆರು ದೇಶದ ಪರಾಕಾಸ್ ಗೋರಿಗಳ ಎರಡು ಸಾವಿರ ವರ್ಷದ ವಸ್ತ್ರಗಳನ್ನು ೧೯೩೦ರ ಸುಮಾರಿನಲ್ಲಿ ಕದ್ದು ಸ್ವೀಡನ್ನಿಗೆ ಸಾಗಿಸಿದ ಮೇಲೂ ಇದೇ ಮಾತನ್ನು ಆಡಿದರು. ಗೋಟೆಬೊರ್ಗ್ ನಗರದವರು ಕೊನೆಗೆ ಅವು ಕಳವಿನ ಮಾಲೆಂದು ಬಹಿರಂಗವಾಗಿಯೇ ಒಪ್ಪಿಕೊಂಡು, ಒಟ್ಟು ೮೯ನ್ನು ಕೊಡುವ ಒಪ್ಪಂದದಂತೆ ೨೦೧೪ರಲ್ಲಿ ಮೊದಲ ನಾಲ್ಕನ್ನು ಹಿಂದಕ್ಕೆ ಕಳುಹಿಸಿದರು. ಉಳಿಸುವುದೆಂದರೆ ಏನೆಂಬುದನ್ನು ಈ ಸಂಗ್ರಾಹಕರು ಯೋಚಿಸಿದಂತೆ ಕಾಣುವುದಿಲ್ಲ. ಕೊರೋಮಾದ ಗಂಟುಗಳಲ್ಲಿ ಮುನ್ನೂರು ನಾನ್ನೂರು ವರ್ಷಗಳ ಹಿಂದಿನ ಉಡುಪುಗಳು ಬಣ್ಣಗೆಡದೆ ಇದ್ದುದರಿಂದಲೇ ಅಲ್ಲವೆ ವ್ಯಾಪಾರಿಗಳು ಅವನ್ನು ಬಯಸಿದುದು? ಗಾಜಿಲ್ಲದೆ, ಬೀಗವಿಲ್ಲದೆ, ತೇವವನ್ನಳೆಯುವ ಯಂತ್ರವಿಲ್ಲದೆ, ವರ್ಷಕ್ಕೊಮ್ಮೆ ಬಿಚ್ಚಿ ಬಿಸಿಲು ಕಾಣಿಸಿ ಮತ್ತೆ ಕಟ್ಟಿಟ್ಟವರು ಅಷ್ಟು ಕಾಲ ಅವನ್ನು ಉಳಿಸಿದ್ದರು. ಅವರ ಕೈಯಿಂದ ಕಿತ್ತುಕೊಂಡ ಹತ್ತೇ ವರ್ಷಗಳಲ್ಲಿ ಎಷ್ಟೋ ವಸ್ತ್ರಗಳು ಎಲ್ಲಿ ಹೋದವೆಂಬುದೇ ತಿಳಿಯದಂತಾಯಿತು. ಯಾವ ಕುಲದ ಮೂಲಪುರುಷನು ಯಾರ ಮನೆಯ ಗೋಡೆಯ ಮೇಲೆ ಚೌಕಟ್ಟಿನೊಳಗೆ ತೂಗುತ್ತಿರುವನೋ, ಕೊಂಡವರಿಗೂ ಗೊತ್ತಿಲ್ಲ.